ಏಲಕ್ಕಿ ಸಿಪ್ಪೆ

ಗೋಥೆನ್‌ಬರ್ಗಿನಲ್ಲಿ ಅಕ್ಟೋಬರ್ ಎಂದರೆ ಮಳೆ. ನಮ್ಮ ಮಲೆನಾಡಿನ ಹಾಗೆ ಧೋ ಎಂದು ಸುರಿಯುವುದಿಲ್ಲ; ಶನಿವಾರ ಬೆಳಗ್ಗೆ ಹಿಡಿದರೆ ಭಾನುವಾರ ಸಂಜೆಯವರೆಗೂ ಜಿನುಗುತ್ತಲೇ ಇರುತ್ತದೆ. ಇಂಥ ದಿನಗಳಲ್ಲಿ ಸ್ವೀಡನ್ನಿನವರು ಓವನ್ ಹಚ್ಚುತ್ತಾರೆ. ದಾಲ್ಚಿನ್ನಿ ಬನ್ನಿಗೆಂದೇ ಇಲ್ಲೊಂದು ದಿನವಿದೆ, ಅಕ್ಟೋಬರ್ 4, 1999ರಿಂದ ಆಚರಿಸುತ್ತಾರೆ. ಹೆಸರು ದಾಲ್ಚಿನ್ನಿಯದಾದರೂ ಹಿಟ್ಟಿಗೆ ಏಲಕ್ಕಿ ಬೀಳಲೇಬೇಕು. ಸಕಲೇಶಪುರದ ಕಡೆಯವಳಾದ ನನಗೆ ಈ ಊರು ಹತ್ತಿರವಾದದ್ದು ಆ ಘಮದಿಂದಲೇ. ಅಂಗಡಿಯ ಪೊಟ್ಟಣದ ಮೇಲೆ ಮಾತ್ರ ಗ್ವಾಟೆಮಾಲಾ ಎಂದಿರುತ್ತದೆ.

ನಮ್ಮ ತೋಟದ ಏಲಕ್ಕಿಯೂ ಮನೆಯಲ್ಲಿತ್ತು, ಅಮ್ಮ ಕೊನೆಯ ಸಲ ಕಟ್ಟಿಕೊಟ್ಟದ್ದು. ಅವಳು ಹೋಗಿ ಎರಡು ವರ್ಷ. ಆ ಡಬ್ಬಿಯನ್ನು ತೆಗೆಯಲು ಮನಸ್ಸು ಬಂದಿರಲಿಲ್ಲ. ಕಳೆದ ಶನಿವಾರ ಮಗಳು ಮುಚ್ಚಳ ತೆಗೆದು ಮೂಸಿ, "ವಾಸನೆ ಕಮ್ಮಿ ಆಗ್ತಿದೆ ಅಮ್ಮ" ಎಂದಳು. ನಿಜ, ಕಾಯಿಗಳ ಹಸಿರೂ ಬಿಳಚಿಕೊಂಡಿತ್ತು. ಎಷ್ಟು ಜೋಪಾನವಾಗಿ ಕೂಡಿಟ್ಟರೂ ಏಲಕ್ಕಿಯ ಎಣ್ಣೆಯಂಶ ಸದ್ದಿಲ್ಲದೆ ಹಾರಿಹೋಗುತ್ತದೆ.

ಇಬ್ಬರೂ ಕೂತು ಅಷ್ಟನ್ನೂ ಬಿಡಿಸಿದೆವು. ಕಾಳು ಕುಟ್ಟಿ, ಉಗುರುಬೆಚ್ಚಗಿನ ಹಾಲು, ಯೀಸ್ಟ್, ಮೈದಾ, ಬೆಣ್ಣೆಯೊಂದಿಗೆ ನಾದಿದೆವು. ಹಿಟ್ಟು ಉಬ್ಬಲು ಇಟ್ಟಾಗ ಮಗಳು ಕೇಳಿದಳು: "ಅಜ್ಜಿ ಇದನ್ನ ಯಾವುದಕ್ಕೆ ಹಾಕ್ತಿದ್ರು?" ಯುಗಾದಿಯ ಹೋಳಿಗೆಗೆ, ಶೀತವಾದಾಗ ಶುಂಠಿ ಕಷಾಯಕ್ಕೆ, ತೋಟದ ಕೆಲಸಕ್ಕೆ ಬಂದವರಿಗೆ ಕೊಡುವ ಬೆಲ್ಲದ ಪಾನಕಕ್ಕೆ... ಹೇಳುತ್ತಾ ಹೋದೆ. ಅಮ್ಮನ ಬಗ್ಗೆ ನಾನು ಅಳದೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮಗಳು ಸಿಪ್ಪೆಯನ್ನು ಕಸದ ಬುಟ್ಟಿಗೆ ಒಯ್ಯುತ್ತಿದ್ದಳು. "ತಡಿ, ಟೀಪುಡಿ ಡಬ್ಬಿಗೆ ಹಾಕು. ಅಜ್ಜಿ ಹಾಗೇ ಮಾಡ್ತಿದ್ರು" ಎಂದೆ.

ಬನ್ನು ಭಾನುವಾರವೇ ಖಾಲಿ. ಟೀ ಮಾತ್ರ ಈ ವಾರವೆಲ್ಲ ಘಮಘಮ.