ದಾದಾ ಓದಿದ ರೆಕ್ಕೆಯ ತುಂಡು

ಪುಷ್ಪಕ್ ಎಂಬ ಸಣ್ಣ ವಿಮಾನವೊಂದಿತ್ತು. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಅದು 1958ರಲ್ಲಿ ಮೊದಲ ಸಲ ಹಾರಿತು. ಅದರಲ್ಲಿ ಇಬ್ಬರು ಕೂರಬಹುದಿತ್ತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಅದರಲ್ಲೇ ಹಾರಲು ಕಲಿತರು. ಅದರ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ರೆಕ್ಕೆಯ ತುದಿಗೆ 36 ಅಡಿ. ಮಾಲೂರಿನಲ್ಲಿ ನಾವು ಮನೆ ಕಟ್ಟಿಸಿದ ಸೈಟು 30×40. ಪುಷ್ಪಕ್‌ನಷ್ಟು ಸಣ್ಣ ವಿಮಾನವನ್ನು ತಂದರೂ ಸೈಟಿನೊಳಗೆ ಹಿಡಿಸೀತು, ಆದರೆ ನಮಗೆ ಮಲಗಲು ಜಾಗ ಇರುವುದಿಲ್ಲ. ಆದ್ದರಿಂದ ವಿಮಾನವನ್ನು ಮನೆಯ ಅಲಂಕಾರಕ್ಕೆ ಬಳಸುವವರು ಸಾಮಾನ್ಯವಾಗಿ ಅದರ ಭಾಗಗಳನ್ನೇ ತರುತ್ತಾರೆ. ಪ್ರೊಪೆಲ್ಲರ್ ಗೋಡೆಗೆ ಏರುತ್ತದೆ, ರೆಕ್ಕೆ ಮೇಜಾಗುತ್ತದೆ, ಎಂಜಿನ್ ಮೇಲೆ ಗಾಜು ಇಟ್ಟರೆ ಟೀಪಾಯಿ ಆಗುತ್ತದೆ.

ನಮ್ಮ ಮನೆಗೆ ಈ ಆಸೆ ತಂದವರು ಚಾಚಾ. ಅವರು ಕೆಲವು ವರ್ಷ ದುಬೈನಲ್ಲಿ ದುಡಿದು ಬಂದವರು. ಅಲ್ಲಿ ಒಂದು ಹೋಟೆಲಿನಲ್ಲಿ ವಿಮಾನದ ಬಾಲವನ್ನು ಗೋಡೆಗೆ ಹಾಕಿದ್ದನ್ನು ನೋಡಿದ್ದರಂತೆ. ಹೊಸ ಮನೆಯ ಹಾಲ್‌ಗೆ ಅಂಥದ್ದೇ ಏನಾದರೂ ಬೇಕು ಎಂದು ಹಟ ಹಿಡಿದರು. ಅಂಗಡಿಯಲ್ಲಿ ತೋರಿಸಿದ್ದು ಮರದ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿ, ಸಾಲಾಗಿ ಮೊಳೆ ಹೊಡೆದ ಕುರ್ಚಿ. ನೋಡಲು ವಿಮಾನದ ಮೈಯಂತೆಯೇ ಇತ್ತು, ಆದರೆ ಅದು ಎಂದೂ ಹಾರಿದ್ದಲ್ಲ. ಬೆಲೆ ಕೇಳಿ ಅಬ್ಬಾ ಮಾತಾಡದೆ ಹೊರಗೆ ಬಂದರು. ಕೊನೆಗೆ ಚಾಚಾ ಬೆಂಗಳೂರಿನ ಒಂದು ಗುಜರಿ ಅಂಗಡಿಯಿಂದ ನಿಜವಾದ ವಿಮಾನದ ತುಂಡೊಂದನ್ನು ಕೆಜಿ ಲೆಕ್ಕದಲ್ಲಿ ಕೊಂಡು ತಂದರು. ಐದು ಅಡಿ ಉದ್ದ, ಒಂದು ಅಡಿ ಅಗಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು. ಯಾವ ವಿಮಾನದ್ದು ಎಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. "ಬಾಲ ಇರಬೇಕು" ಎಂದರು ಚಾಚಾ.

ನಮ್ಮ ದಾದಾ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳಿಗೆ ತಗಡು ಕೆಲಸ ಮಾಡುತ್ತಿದ್ದವರು. ಮಾಲೂರಿನಿಂದ ಬೆಳಗಿನ ರೈಲಿಗೆ ಹೋಗಿ ರಾತ್ರಿ ರೈಲಿಗೆ ಬರುತ್ತಿದ್ದರು. ಈಗ ಎಂಬತ್ತು ದಾಟಿದೆ. ಕಿವಿ ಮಂದ, ಒಂದು ಕಣ್ಣಿಗೆ ಪೊರೆ. ಮನೆಯಲ್ಲಿ ನಡೆಯುವ ಮಾತು ಅವರಿಗೆ ಕೇಳಿಸುವುದಿಲ್ಲ, ಆದ್ದರಿಂದ ಅವರೂ ಹೆಚ್ಚು ಮಾತಾಡುವುದಿಲ್ಲ.

ಅವತ್ತು ಅವರು ಕುರ್ಚಿಯಿಂದ ಎದ್ದು ಬಂದು, ಆ ತುಂಡಿನ ಮೇಲೆ ಅಂಗೈ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ಸವರಿದರು. "ಬಾಲ ಅಲ್ಲ, ಎಲೆರಾನ್" ಎಂದರು.

ವಿಮಾನದ ಎರಡು ರೆಕ್ಕೆಗಳ ಹಿಂದಂಚಿನಲ್ಲಿ, ತುದಿಯ ಹತ್ತಿರ, ಕೀಲಿನ ಮೇಲೆ ಮೇಲೆ ಕೆಳಗೆ ಆಡುವ ಭಾಗವೇ ಎಲೆರಾನ್. ಒಂದು ಮೇಲೆದ್ದರೆ ಇನ್ನೊಂದು ಕೆಳಗಿಳಿಯುತ್ತದೆ. ಕೆಳಗಿಳಿದ ಕಡೆಯ ರೆಕ್ಕೆಗೆ ಎತ್ತುವ ಬಲ ಹೆಚ್ಚುತ್ತದೆ, ಮೇಲೆದ್ದ ಕಡೆ ಕಡಿಮೆಯಾಗುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ತಿರುಗುತ್ತದೆ. ಇಷ್ಟನ್ನು ದಾದಾ ತಮ್ಮ ಎರಡು ಕೈಗಳನ್ನೇ ರೆಕ್ಕೆ ಮಾಡಿ ತೋರಿಸಿದರು. ಭೌತಶಾಸ್ತ್ರದ ಪುಸ್ತಕದಲ್ಲಿ ಬರ್ನೌಲಿಯ ತತ್ವ ಓದಿದ್ದರೂ ನನಗೆ ಅದು ಕಣ್ಣಿಗೆ ಕಟ್ಟಿದ್ದು ಅವತ್ತೇ.

ಚಾಚಾ ಅಷ್ಟರಲ್ಲಿ ಪಾಲಿಶ್ ಮಾಡುವವರನ್ನು ಕರೆಸಿದ್ದರು. ಯಂತ್ರದಿಂದ ಉಜ್ಜಿ ಕನ್ನಡಿಯಂತೆ ಹೊಳೆಯಿಸಬೇಕು, ಒಳಗಿನ ಹಸಿರು ಬಣ್ಣ ಕೆರೆದು ತೆಗೆಯಬೇಕು, ಮುಂದಿನ ಅಂಚಿನಲ್ಲಿದ್ದ ಸೀಸದ ಗಟ್ಟಿಯನ್ನು ಬಿಚ್ಚಿ ಭಾರ ಇಳಿಸಬೇಕು ಎಂಬುದು ಅವರ ಯೋಚನೆ. ದಾದಾ ಮೂರಕ್ಕೂ ಬೇಡವೆಂದರು. ಬೇರೆ ದಿನಗಳಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೂ ಸುಮ್ಮನೆ ಊಟ ಮುಗಿಸುವವರು ಅವತ್ತು ಮಗನ ಕೈಯನ್ನೇ ಹಿಡಿದು ನಿಲ್ಲಿಸಿದರು.

ಅವರು ಕೊಟ್ಟ ಕಾರಣಗಳನ್ನು ನಾನು ಮರುದಿನ ಕಾಲೇಜಿನಲ್ಲಿ ಉಪನ್ಯಾಸಕರನ್ನು ಕೇಳಿ ಖಚಿತ ಮಾಡಿಕೊಂಡೆ. ವಿಮಾನದ ತಗಡು ಅಡುಗೆಮನೆಯ ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಬಲ ಬರಲೆಂದು ಅದಕ್ಕೆ ತಾಮ್ರ ಬೆರೆಸಿರುತ್ತಾರೆ. ತಾಮ್ರ ಬೆರೆತ ಮಿಶ್ರಲೋಹ ಗಾಳಿ, ತೇವಕ್ಕೆ ಬೇಗ ಕೊಳೆಯುತ್ತದೆ. ಅದಕ್ಕೆ ಮೇಲೊಂದು ಶುದ್ಧ ಅಲ್ಯೂಮಿನಿಯಂನ ಬಹಳ ತೆಳುವಾದ ಪದರ ಕೊಡುತ್ತಾರೆ. ಯಂತ್ರ ಹಿಡಿದು ಉಜ್ಜಿದರೆ ಮೊದಲು ಹೋಗುವುದು ಆ ಪದರವೇ. ಒಳಗಿನ ಹಸಿರು ಬಣ್ಣದಲ್ಲಿ ಕ್ರೋಮಿಯಂನ ಲವಣ ಇರುತ್ತದೆ. ಅದರ ದೂಳು ಉಸಿರಿಗೆ ಸೇರಿದರೆ ಕ್ಯಾನ್ಸರ್ ತರಬಲ್ಲದು. ಇನ್ನು ಸೀಸದ ಗಟ್ಟಿ. ಎಲೆರಾನ್ ಕೀಲಿನ ಹಿಂದೆ ಹೆಚ್ಚು ಭಾರವಾದರೆ ವೇಗದಲ್ಲಿ ಪಟಪಟನೆ ನಡುಗಿ ರೆಕ್ಕೆಯನ್ನೇ ಮುರಿಯಬಹುದು. ಹಾಗಾಗದಂತೆ ಮುಂದೆ ಸೀಸ ಕಟ್ಟಿ ತೂಗಿಸುತ್ತಾರೆ. ಬಣ್ಣ ಬಳಿದರೂ, ಒಂದು ತೇಪೆ ಹಾಕಿದರೂ ಮತ್ತೆ ತೂಗಿ ನೋಡಲೇಬೇಕು. "ಇದರ ಬುದ್ಧಿ ಇರೋದೇ ಆ ಸೀಸದಲ್ಲಿ. ಅದನ್ನು ತೆಗೆದರೆ ಬರೀ ತಗಡು" ಎಂದಿದ್ದರು ದಾದಾ.

ಅದೇ ಗುಜರಿ ಅಂಗಡಿಯಲ್ಲಿ ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೆಯ ಮೀಟರುಗಳೂ ಇದ್ದವಂತೆ. ಚಾಚಾ ಅದನ್ನೂ ತರುವವರಿದ್ದರು. ನಮ್ಮ ಭೌತಶಾಸ್ತ್ರ ಉಪನ್ಯಾಸಕರು ಬೇಡವೆಂದರು. ಹಳೆಯ ಕಾಲದ ಅಂಥ ಮೀಟರುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಹೊಳಪು ಮಾಸಿದ್ದರೂ ವಿಕಿರಣ ಹೋಗಿರುವುದಿಲ್ಲ. ಗಾಜು ಒಡೆದು ಮಕ್ಕಳು ಮುಟ್ಟಿದರೆ ಅಪಾಯ.

ಆ ವಾರವೆಲ್ಲ ಸಂಜೆ ದಾದಾ ಎಲೆರಾನ್ ಪಕ್ಕ ಕೂತು ನನಗೆ ಅದನ್ನು ಓದಿಸಿದರು. ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಗನ್ ಹಿಡಿದರೆ, ಒಳಗಿನಿಂದ ಇನ್ನೊಬ್ಬರು ರಿವೆಟ್ಟಿನ ಬಾಲಕ್ಕೆ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಸರಿಯಾಯಿತೋ ಇಲ್ಲವೋ ಎಂಬುದನ್ನು ತಗಡು ತಟ್ಟಿಯೇ ಹೇಳಬೇಕು. ಒಂದು ಕಡೆ ಆರು ರಿವೆಟ್‌ಗಳು ಉಳಿದವಕ್ಕಿಂತ ಸ್ವಲ್ಪ ದೊಡ್ಡವಾಗಿದ್ದವು. ದಾದಾ ನನ್ನ ಬೆರಳು ಹಿಡಿದು ಅವುಗಳ ಮೇಲೆ ಇಟ್ಟರು. "ಇದು ಆಮೇಲೆ ಹಾಕಿದ್ದು. ಪೆಟ್ಟು ಬಿದ್ದು ರಿಪೇರಿ ಆಗಿದೆ. ಮಾಡಿದವನು ಒಳ್ಳೆಯ ಕೆಲಸಗಾರ" ಎಂದರು. ಆ ಕೆಲಸಗಾರ ಯಾರೋ, ಎಲ್ಲಿಯವನೋ. ದಾದಾ ಅವನನ್ನು ಜೊತೆಯಲ್ಲಿ ಕೆಲಸ ಮಾಡಿದವನಂತೆ ಹೊಗಳಿದರು.

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳ ಕಥೆಯನ್ನೂ ಅವರೇ ಹೇಳಿದರು. ಮತ್ತೆ ಹಾರಬಾರದೆಂದು ಅವುಗಳನ್ನು ಬೇಕೆಂದೇ ಕೆಡಿಸಲಾಗಿತ್ತು. ಎಚ್‌ಎಎಲ್‌ನವರು ಅವುಗಳನ್ನು ಒಂದೊಂದಾಗಿ ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿದರು. 1948ರಿಂದ ಅವು ನಮ್ಮ ವಾಯುಪಡೆಯಲ್ಲಿ ಹಾರಿದವು. 1968ರವರೆಗೂ ಸೇವೆಯಲ್ಲಿದ್ದವು. ಹಿರಿಯ ಕೆಲಸಗಾರರಿಂದ ದಾದಾ ಇದನ್ನು ಕೇಳಿದ್ದರಂತೆ.

ಎಲ್ಲ ವಿಮಾನಗಳೂ ಮತ್ತೆ ಹಾರುವುದಿಲ್ಲ, ಹಾರಬೇಕಾಗಿಯೂ ಇಲ್ಲ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ಕಾರವಾರದ ಕಡಲತೀರದಲ್ಲಿ ನೌಕಾಪಡೆಯ ಟುಪೊಲೆವ್ 142 ವಿಮಾನವಿದೆ. ಅದನ್ನು ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಡಿಬಿಡಿ ಮಾಡಿ, ಲಾರಿಗಳಲ್ಲಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದವರಿಗೆ ಇದು ಏನು, ಏನು ಮಾಡುತ್ತಿತ್ತು ಎಂದು ತಿಳಿಯುತ್ತದೆ. ಮನೆಯ ಅಲಂಕಾರಕ್ಕೆ ಬಂದ ತುಂಡಿಗೆ ಈ ಭಾಗ್ಯ ಇರುವುದಿಲ್ಲ. ಉಜ್ಜಿ ಹೊಳಪು ಕೊಟ್ಟಾಗ ಅದರ ಮೇಲೆ ಬರೆದಿದ್ದ ಕೆಲಸವೂ ಅಳಿಸಿಹೋಗುತ್ತದೆ. ಆಮೇಲೆ ಅದಕ್ಕೂ ಅಂಗಡಿಯ ಮೊಳೆ ಹೊಡೆದ ಕುರ್ಚಿಗೂ ವ್ಯತ್ಯಾಸ ಉಳಿಯುವುದಿಲ್ಲ.

ನಮ್ಮ ಎಲೆರಾನ್ ಈಗ ಹಾಲ್‌ನ ಗೋಡೆಯ ಮೇಲಿದೆ. ಸೋಪಿನ ನೀರಿನಲ್ಲಿ ಒರೆಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಸೀಸವೂ ಹಾಗೇ ಇದೆ, ಅದರ ಮೇಲೆ ಬಣ್ಣದ ಪದರವಿದೆ, ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿದೆ. ಕೆಳಗೆ ಒಂದು ಕಾಗದದಲ್ಲಿ ಅದರ ಹೆಸರು, ಅದು ಮಾಡುತ್ತಿದ್ದ ಕೆಲಸ, ಆ ಆರು ರಿವೆಟ್‌ಗಳ ವಿಷಯ ಎಲ್ಲವನ್ನೂ ಕನ್ನಡದಲ್ಲಿ ನಾನು, ಉರ್ದುವಿನಲ್ಲಿ ಅಮ್ಮಿ ಬರೆದಿದ್ದೇವೆ. ಹೊಳೆಯುವುದಿಲ್ಲ ಎಂದು ಚಾಚಾಗೆ ಇನ್ನೂ ಸ್ವಲ್ಪ ಬೇಸರವಿದೆ. ಆದರೆ ಮನೆಗೆ ಬಂದವರು ಏನಿದು ಎಂದು ಕೇಳಿದರೆ ಅವರೇ ಮೊದಲು ಎದ್ದು, "ಅಬ್ಬಾಜಾನ್, ಇವರಿಗೆ ಸ್ವಲ್ಪ ಹೇಳಿ" ಎಂದು ದಾದಾರ ಕಿವಿಯ ಹತ್ತಿರ ಗಟ್ಟಿಯಾಗಿ ಕೂಗುತ್ತಾರೆ.

ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇಂಥ ಹಿರಿಯರು ಬಹಳ ಜನ ಇದ್ದಾರೆ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಕೋಲಾರದಿಂದ ಬೆಮೆಲ್‌ಗೆ ಹೋಗಿ ಬರುತ್ತಿದ್ದವರು, 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ಆಳಕ್ಕೆ ಇಳಿದವರು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ವಿಂಗಡಿಸಿದವರು, ಮುಳಬಾಗಿಲಿನ ಮನೆಗಳಲ್ಲಿ ರೇಷ್ಮೆ ಹುಳು ಸಾಕಿದವರು. ಅವರ ಮನೆಯ ಮೂಲೆಯಲ್ಲಿ ಯಾವುದೋ ಹಳೆಯ ಸಾಮಾನು ಇದ್ದೇ ಇರುತ್ತದೆ. ಗುಜರಿಗೆ ಹಾಕುವ ಮೊದಲು, ಅಥವಾ ಬಣ್ಣ ಬಳಿದು ಶೋಕೇಸಿಗೆ ಇಡುವ ಮೊದಲು, ಅದನ್ನು ಅವರ ಕೈಗೆ ಕೊಟ್ಟು ಏನು ಹೇಳುತ್ತಾರೆ ಕೇಳಿ. ಮುಂದಿನ ಸಂಚಿಕೆಗೆ ಬರೆದು ಕೊಡಿ.