ಹೇಗೂ ಆ ಕಡೆ ಹೋಗ್ತೀವಲ್ಲ

ಶನಿವಾರ, ಭಾನುವಾರ ಎಲ್ಲಾದರೂ ಹೋಗಿಬರೋಣವೆಂದರೆ ಬೆಂಗಳೂರಿನವರು ಮೊದಲು ಬೆಂಗಳೂರಿನಿಂದ ಹೊರಬೀಳಬೇಕು. ಅಷ್ಟರಲ್ಲಿ ಶನಿವಾರ ಮುಗಿದಿರುತ್ತದೆ. ಈ ಲೆಕ್ಕ ಹಾಕಿಯೇ ಮಗಳು ಈ ಸಲ ಮೈಸೂರೂ ಬೇಡ, ಮಡಿಕೇರಿಯೂ ಬೇಡ, ನಮ್ಮೂರನ್ನೇ ಹೊರಗಿನವರ ಹಾಗೆ ನೋಡಿಬಿಡೋಣ ಎಂದಳು. ತಿಲಕ್ ನಗರದಲ್ಲೇ ಹುಟ್ಟಿ ಬೆಳೆದ ನನಗೆ ವಿಚಿತ್ರವೆನಿಸಿತು. ಲಾಲ್‌ಬಾಗ್ ನೋಡುವುದು ಊರಿನಿಂದ ನೆಂಟರು ಬಂದಾಗ ಎಂಬುದು ನಮ್ಮ ಮನೆಯ ಪದ್ಧತಿ. ಈಗ ನೆಂಟರು ಮದುವೆ ಊಟ ಮುಗಿಸಿ ರಾತ್ರಿ ಬಸ್ಸಿಗೇ ಹೊರಟುಬಿಡುತ್ತಾರಾದ್ದರಿಂದ ಲಾಲ್‌ಬಾಗೂ ನಿಂತುಹೋಗಿತ್ತು.

ಮಗಳು ಷರತ್ತು ಹಾಕಿದಳು: ಎರಡು ದಿನ ಮನೆಕೆಲಸದ ಸುದ್ದಿ ಎತ್ತಬಾರದು, ಸಾಮಾನು ಕೊಳ್ಳಬಾರದು. ಹೆಂಡತಿ ತಕ್ಷಣ ಒಪ್ಪಿಕೊಂಡಳು. ಆದರೆ ಶನಿವಾರ ಬೆಳಿಗ್ಗೆ ಹೊರಡುವಾಗ ಅವಳ ಕೈಯಲ್ಲೊಂದು ಬಟ್ಟೆ ಚೀಲ; ಚೀಲದಲ್ಲಿ ಕುಕ್ಕರಿನ ಹಳೇ ಗ್ಯಾಸ್ಕೆಟ್ಟು.

“ಅಳತೆಗೆ ಅಂತ ತಗೊಂಡೆ ಅಷ್ಟೆ ಕಣೇ. ಹೇಗೂ ಗಾಂಧಿ ಬಜಾರ್ ಕಡೆ ಹೋಗ್ತೀವಲ್ಲ.”

ಸ್ವಂತ ಊರಲ್ಲಿ ಪ್ರವಾಸ ಮಾಡುವ ಕಷ್ಟ ಇದೇ ನೋಡಿ. ಮೈಸೂರಿಗೆ ಹೋದರೆ ಇವಳು ಅರಮನೆಯನ್ನು ಬಾಯಿಬಿಟ್ಟುಕೊಂಡು ನೋಡುತ್ತಾಳೆ. ಇಲ್ಲಿ ಒಂದೊಂದು ರಸ್ತೆಯಲ್ಲೂ ಒಂದೊಂದು ಬಾಕಿ ಕೆಲಸ ನಮಗಾಗಿ ಕಾದು ಕೂತಿರುತ್ತದೆ. ಸ್ವಾಗತ್ ರಸ್ತೆ ದಾಟುವಷ್ಟರಲ್ಲೇ ಇಸ್ತ್ರಿಗೆ ಕೊಟ್ಟ ಬಟ್ಟೆ ನೆನಪಾಯಿತು. ಕೊತ್ತಂಬರಿ ಗಾಡಿಯವನು “ಏನಕ್ಕಾ, ಇವತ್ತು ಬೇಡ್ವಾ?” ಎಂದು ಕೂಗಿದ. ಮಗಳು ಅಮ್ಮನ ತೋಳು ಹಿಡಿದು ಎಳೆದುಕೊಂಡು ಹೋದಳು. ನಮ್ಮಮ್ಮನಂತೂ “ಟಾಕೀಸ್ ಹತ್ರ ಆಟೋ ಹಿಡಿಯೋಣ” ಎಂದರು. ಸ್ವಾಗತ್ ಟಾಕೀಸು ಹೋಗಿ ಅಲ್ಲಿ ಮಾಲ್ ಎದ್ದು ಎಷ್ಟೋ ಕಾಲವಾಯಿತು. ಅಮ್ಮನ ಲೆಕ್ಕದಲ್ಲಿ ಮಾಲ್ ಎನ್ನುವುದು ಟಾಕೀಸಿನ ಹತ್ತಿರ ಕಟ್ಟಿದ ಯಾವುದೋ ಕಟ್ಟಡ. ಹಳೇ ಆಟೋದವರಿಗೆ ಇದು ಅರ್ಥವೂ ಆಗುತ್ತದೆ.

ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಫುಟ್‌ಪಾತಿನ ಮೇಲೆ ನಿಂತೆವು. 1943ರಿಂದ ಇರುವ ಹೋಟೆಲು. ದೋಸೆಗಿಂತ ಕಾಯುವುದೇ ಅಲ್ಲಿ ಮುಖ್ಯ ತಿಂಡಿ. ಆ ಸಂದಿನಲ್ಲೇ ಹೆಂಡತಿ ಮಾಯವಾಗಿ, ಹೊಸ ಗ್ಯಾಸ್ಕೆಟ್ ಸಮೇತ ಪ್ರತ್ಯಕ್ಷಳಾದಳು. ಒಳಗೆ ಪಂಚೆ ಉಟ್ಟ ಸಪ್ಲೈಯರು ಮಣಿಕಟ್ಟಿನಿಂದ ಭುಜದವರೆಗೆ ತಟ್ಟೆಯ ಮೇಲೆ ತಟ್ಟೆ ಪೇರಿಸಿಕೊಂಡು ಬಂದರು. ಒಂದೊಂದೇ ತಟ್ಟೆ ಜಾರಿಸಿ ನಮ್ಮೆದುರು ಇಟ್ಟರು. ಹಿಂದೆಯೇ ಬಂದವರು ತೆಳ್ಳನೆಯ ಚಟ್ನಿ ಸುರಿದುಹೋದರು. ಕೆಂಪಗೆ ಗರಿಗರಿಯಾಗಿದ್ದ ದೋಸೆಯನ್ನು ಅಮ್ಮ ನಟ್ಟನಡುವೆ ಮುರಿದು, ಅರ್ಧ ನನ್ನ ತಟ್ಟೆಗೆ ತಳ್ಳಿದರು.

“ಅಜ್ಜೀ, ಅಪ್ಪಂಗೆ ಬೇರೆ ಇದೆ!”

“ಇರಲಿ ಬಿಡೇ, ಅಭ್ಯಾಸ.”

ನಾನು ಚಿಕ್ಕವನಿದ್ದಾಗ ನಾವು ಇಲ್ಲಿಗೆ ಬಂದರೆ ಎರಡು ದೋಸೆ, ನಾಲ್ಕು ಬಾಯಿ. ಅಪ್ಪ ಕಾಫಿ ಮಾತ್ರ ಕುಡಿಯುತ್ತಿದ್ದರು, ಅದೂ ಅಮ್ಮನ ಜೊತೆ ಬೈಟೂ. ಹೋಟೆಲಿನ ತಿಂಡಿ ಅಪ್ಪನ ಹೊಟ್ಟೆಗೆ ಆಗುವುದಿಲ್ಲವೆಂದು ಅಮ್ಮ ಹೇಳುತ್ತಿದ್ದರು. ಅದೇ ಅಪ್ಪ ಮದುವೆಮನೆಯಲ್ಲಿ ಎರಡನೇ ಸಲ ಹೋಳಿಗೆ ಬಡಿಸಲು ಬಂದವರನ್ನು ಕೈ ಅಡ್ಡ ಹಿಡಿದು ತಡೆದದ್ದನ್ನು ನಾನು ಕಂಡಿಲ್ಲ. ಹೊಟ್ಟೆಗೆ ಮದುವೆಮನೆ ಯಾವುದು, ಹೋಟೆಲು ಯಾವುದು ಎಂದು ಹೇಗೆ ಗೊತ್ತಾಗುತ್ತಿತ್ತೋ ಎಂದು ನನಗೆ ಬಹಳ ದಿನ ಆಶ್ಚರ್ಯವಿತ್ತು. ಮಗಳಿಗೆ ಇದನ್ನೆಲ್ಲ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳು ಇನ್ನೊಂದು ಮಸಾಲೆಗೆ ಹೇಳಿಯಾಗಿತ್ತು.

ಆಮೇಲೆ ದೊಡ್ಡ ಬಸವಣ್ಣ. ಬೆಳೆ ಮೇಯುತ್ತಿದ್ದ ಬಸವ, ಕಡಲೆಕಾಯಿ ಪರಿಷೆ ಹುಟ್ಟಿದ್ದು, ಎಲ್ಲ ಕಥೆಯನ್ನೂ ಅಮ್ಮ ಹೇಳಿದರು. ಒಂದೇ ಕಲ್ಲಿನ ಅಷ್ಟು ದೊಡ್ಡ ಮೂರ್ತಿಗೆ ಪ್ರದಕ್ಷಿಣೆ ಬರುವಾಗಲೂ ಗ್ಯಾಸ್ಕೆಟ್ಟು ಚೀಲದಿಂದ ಇಣುಕುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಹಳದಿ ಮೆಟ್ರೊ. 2025ರ ಆಗಸ್ಟಿನಲ್ಲಿ ಶುರುವಾದದ್ದು. ಅಮ್ಮ ಇನ್ನೂ ಹತ್ತಿರಲಿಲ್ಲ. ಜಯದೇವ ಆಸ್ಪತ್ರೆ ಸ್ಟೇಷನ್ನಿನ ಎತ್ತರದಲ್ಲಿ ನಿಂತು ನಮ್ಮ ಮನೆ ಹುಡುಕಿದರು. ಕಪ್ಪು ನೀರಿನ ಟ್ಯಾಂಕು, ಒಣಗಲು ಹಾಕಿದ ಸೀರೆ ಕಂಡಲ್ಲೆಲ್ಲ “ಅದೇ ನಮ್ದು” ಎಂದರು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್‌ನಲ್ಲಿ ಇಳಿದೆವು. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಎಂದು ಮಗಳು ಗೈಡಿನಂತೆ ಒಪ್ಪಿಸುತ್ತ ನಡೆದಳು. ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಅರ್ಧ ಹತ್ತಿದ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಈ ಬಂಡೆಗೆ ಮುನ್ನೂರು ಕೋಟಿ ವರ್ಷ ಅಜ್ಜಿ.”

“ಇರಬಹುದು. ನಿಮ್ಮ ತಾತನ ಜೊತೆ ಬಂದಾಗ ಇಷ್ಟು ಎತ್ತರ ಇರಲಿಲ್ಲ.”

ಮುಂದಿನ ಗೇಟಿನಿಂದ ಹೊರಬಿದ್ದು ಎಂ.ಟಿ.ಆರ್.ಗೆ ನಡೆದೆವು. ಯುದ್ಧಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಹುಟ್ಟಿದ ರವೆ ಇಡ್ಲಿಗೆ ಈಗಲೂ ಜನರದೇನೂ ಬರವಿಲ್ಲ. ಕಾಯುವವರ ನಡುವೆ ಗದಗಿನಿಂದ ಬಂದ ಗಂಡಹೆಂಡಿರಿದ್ದರು. ವಿಧಾನಸೌಧ, ಕಬ್ಬನ್ ಪಾರ್ಕು, ಇಸ್ಕಾನ್ ಎಲ್ಲ ಮುಗಿಸಿದ್ದರು. ನಾವು ತಿಲಕ್ ನಗರದವರು ಎಂದ ಕೂಡಲೇ “ಹಂಗಾದ್ರ ದಿನಾ ಇಲ್ಲೇ ಬರ್ತೀರೇನ್ರೀ?” ಎಂದು ಹೊಟ್ಟೆಕಿಚ್ಚುಪಟ್ಟರು. ಹೆಂಡತಿ ಇಲ್ಲವೆನ್ನಲಿಲ್ಲ. “ನೀವೂ ಒಮ್ಮೆ ನಮ್ಮೂರಿಗೆ ಬರ್ರಿ” ಎಂದಾಗ, ಅವರು ಉಟ್ಟ ಸೀರೆಯ ಸೆರಗು ಹಿಡಿದು ನೋಡುತ್ತ, ಬೆಟಗೇರಿಯಲ್ಲಿ ನೇಕಾರರ ಮನೆಯಲ್ಲೇ ಕೊಂಡರೆ ಎಷ್ಟು ಕಡಿಮೆಗೆ ಸಿಗುತ್ತದೆಂದು ವಿಚಾರಿಸತೊಡಗಿದಳು.

“ಅಮ್ಮಾ, ಗದಗದಲ್ಲಿ ತ್ರಿಕೂಟೇಶ್ವರ ಇದೆ, ವೀರನಾರಾಯಣ ಇದೆ. ಮೊದಲು ಅದು.”

“ದೇವಸ್ಥಾನ ಎಲ್ಲಿಗೆ ಓಡಿಹೋಗುತ್ತೇ? ಸೀರೆ ಮುಗಿದುಹೋದ್ರೆ?”

ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕೂಗಿದರು. ಅಮ್ಮ ಆಗಲೇ ಎದ್ದು ಹೊರಟಿದ್ದರು.