ದಾರಿ ಬಿಡ್ರಿ

ಓಡೋದಕ್ಕೆ ದುಡ್ಡು ಕಟ್ಟಿದೀನಿ ಅಂದರೆ ನಮ್ಮಪ್ಪ ಮೊದಲು ನಂಬಲಿಲ್ಲ. "ಅಲ್ಲವ್ವಾ, ಗೆದ್ರ ಏನ್ ಕೊಡ್ತಾರ?" ಅಂತ ಕೇಳಿದರು. ಗೆಲ್ಲೋ ಮಾತೇ ಇಲ್ಲ, ಹತ್ತು ಕಿಲೋಮೀಟರ್ ಮುಗಿಸಿದ ಎಲ್ಲರಿಗೂ ಒಂದು ಮೆಡಲ್ ಕೊಡ್ತಾರೆ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹ್ಞೂಂ, ಹೋರಿಗೆ ಎಂಟ್ರಿ ಫೀಜ್ ಕಟ್ಟಿ ರೂಢಿ ಐತಿ. ಈಗ ಮಗಳಿಗೆ ಕಟ್ಟಿದಂಗಾತು" ಅಂದರು.

ನಾನು ಹೆಸರು ಕೊಟ್ಟಿದ್ದು ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ. ನಿಮ್ಮಲ್ಲಿ ಕೆಲವರಾದರೂ ಓಡಿರ್ತೀರಿ. ಓಡದಿದ್ದವರು ಆ ಭಾನುವಾರ ಎಂ.ಜಿ. ರಸ್ತೆ ಕಡೆ ಟ್ರಾಫಿಕ್ಕಿಗೆ ಸಿಕ್ಕು ಬೈದುಕೊಂಡಿರ್ತೀರಿ! 2008ರಲ್ಲಿ ಶುರುವಾದ ಈ ಓಟಕ್ಕೆ ಈಗ ಸಾವಿರಾರು ಜನ ಸೇರ್ತಾರೆ. ಸೀರಿಯಸ್ಸಾಗಿ ಓಡೋರಿಗೆ ಹತ್ತು ಕಿಲೋಮೀಟರ್, ಹಿರಿಯರಿಗೆ ಬೇರೆ, ಅಂಗವಿಕಲರಿಗೆ ಬೇರೆ, ಸುಮ್ಮನೆ ಖುಷಿಗೆ ಬರೋರಿಗೆ 'ಮಜಾ ರನ್'. ಪಂಚೆ, ಪೇಟ, ಮುಖಕ್ಕೆ ಬಣ್ಣ, ಕೈಯಲ್ಲಿ ಬೋರ್ಡು ಹಿಡಿದವರನ್ನು ನೋಡಿದರೆ ಯಾವುದೋ ಜಾತ್ರೆಗೆ ಬಂದಂಗೆ ಅನಿಸುತ್ತೆ. 2025ರ ಏಪ್ರಿಲ್ 27ರಂದು ಉಗಾಂಡದ ಜೋಶುವಾ ಚೆಪ್ಟೆಗೆ 27 ನಿಮಿಷ 53 ಸೆಕೆಂಡಿನಲ್ಲಿ ಮುಗಿಸಿ ಗೆದ್ದ. ಅದೇ ದಿನ ನಾನು ಮುಗಿಸಿದ್ದು 1 ಗಂಟೆ 16 ನಿಮಿಷಕ್ಕೆ. ನಮ್ಮಿಬ್ಬರ ಎದೆ ಮೇಲೂ ನಂಬರಿನ ಚೀಟಿ ಇತ್ತು. ಅಷ್ಟೇ ಹೋಲಿಕೆ.

ಅಪ್ಪ ಹೋರಿಯ ಮಾತು ತೆಗೆದದ್ದು ಬರೀ ತಮಾಷೆಗಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಓಟದ ಹಬ್ಬ ಅಂದರೆ ಹೋರಿ ಹಬ್ಬವೇ. ಬಲಿಪಾಡ್ಯಮಿಗೆ ಶುರುವಾದರೆ ಮುಂದೆ ಹಲವು ವಾರ ಒಂದಲ್ಲ ಒಂದೂರಲ್ಲಿ ನಡೀತಾನೇ ಇರುತ್ತೆ. ಹೋರಿಯ ಮೈಮೇಲೆ ಜೂಲ, ಕೋಡಿಗೆ ಕೋಡಣಸು, ಬಲೂನು, ರಿಬ್ಬನ್ನು, ಕಾಲಿಗೆ ಗೆಜ್ಜೆ, ಕೊರಳಿಗೆ ಒಣಕೊಬ್ಬರಿಯ ಸರ. ಊರ ನಡುವಿನ ಅಖಾಡದಲ್ಲಿ ಅದನ್ನು ಬೆದರಿಸಿ ಬಿಡ್ತಾರೆ. ಎರಡೂ ಕಡೆ ನಿಂತ ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿ ಯಾರ ಕೈಗೂ ಸಿಗದೆ ದಾಟಬೇಕು. ಮೈಕಿನವನು ಹೋರಿಯ ಹೆಸರು ಕೂಗಿದ ಕೂಡಲೆ ಸೀಟಿಯೋ ಸೀಟಿ. ಸಿನಿಮಾ ಹೀರೋಗಳಿಗಿದ್ದಂಗೆ ಹೋರಿಗಳಿಗೂ ಅಭಿಮಾನಿಗಳು, ಫ್ಲೆಕ್ಸು, ಟೀ ಶರ್ಟು ಎಲ್ಲ ಉಂಟು. ಗೆದ್ದವರಿಗೆ ಬೈಕು, ಬಂಗಾರ, ತಿಜೋರಿ.

ನಾನು ಇದನ್ನೆಲ್ಲ ನೋಡಿ ಬೆಳೆದದ್ದು ಮಾಳಿಗೆ ಮೇಲಿಂದ. ಹೆಂಗಸರೂ ಮಕ್ಕಳೂ ಮಾಳಿಗೆ ಮೇಲೆ, ಗಂಡಸರು ಕೆಳಗೆ. ಅದೇನು ಬರೆದಿಟ್ಟ ನಿಯಮವಲ್ಲ, ಹೋರಿ ತಿವಿದರೆ ಗತಿಯೇನು ಅನ್ನೋದು ಸುಳ್ಳೂ ಅಲ್ಲ. ಆದರೆ ಒಂದು ದೃಶ್ಯ ಮಾತ್ರ ನನಗೆ ಚಿಕ್ಕಂದಿನಿಂದ ತಲೆಯಲ್ಲಿ ಕೂತುಬಿಟ್ಟಿದೆ. ಹೋರಿ ಹೊರಡೋ ಮುಂಚೆ ಹತ್ತಾರು ಜನ "ದಾರಿ ಬಿಡ್ರಿ, ದಾರಿ ಬಿಡ್ರಿ" ಅಂತ ಒದರುತ್ತ ಬರ್ತಿದ್ದರು. ಬೇರೆ ದಿನ ಸೈಕಲ್ಲಿಗೂ ಜಾಗ ಬಿಡದ ಜನ, ಆ ಓಣಿಯನ್ನು ಒಂದು ಗಳಿಗೆಯಲ್ಲಿ ಖಾಲಿ ಮಾಡಿ ಗೋಡೆಗೆ ಅಂಟಿ ನಿಲ್ಲೋರು. ಖಾಲಿ ದಾರಿ. ಅದರಲ್ಲಿ ಒಂದೇ ಜೀವ, ಹೆಂಗೆ ಬೇಕಾದರೂ ಓಡಬಹುದು.

ಹೈಸ್ಕೂಲಿನಲ್ಲಿ ನಾನೂ ಓಡ್ತಿದ್ದೆ. ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ 200 ಮೀಟರಿಗೆ ಒಂದು ಸ್ಟೀಲ್ ತಟ್ಟೆಯೂ ಬಂದಿತ್ತು, ಅವ್ವ ಇವತ್ತಿಗೂ ಅದರಲ್ಲೇ ಹಪ್ಪಳದ ಹಿಟ್ಟು ನಾದೋದು. ಪಿಯುಸಿಗೆ ಬಂದ ಮೇಲೆ ಓಟ ತಾನಾಗೇ ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಓಡೋದಕ್ಕೆ ಕಾರಣವೇ ಉಳಿಯಲಿಲ್ಲ ಅಷ್ಟೇ. ಆಮೇಲೆ ಸಿಇಟಿ, ಇಂಜಿನಿಯರಿಂಗು, ಬೆಂಗಳೂರು, ದಿನಕ್ಕೆ ಒಂಬತ್ತು ತಾಸು ಕುರ್ಚಿ.

ಪ್ರಾಕ್ಟೀಸ್ ಶುರು ಮಾಡಿದ ದಿನಗಳಲ್ಲಿ ರಾತ್ರಿ ಸುಮ್ಮನೆ ಒಂದಿಷ್ಟು ಓದ್ತಿದ್ದೆ. 1928ರ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿ ಸುಸ್ತಾದರು ಅಂತ ದೊಡ್ಡ ಗಲಾಟೆ ಆಯಿತಂತೆ. ಆ ಓಟವನ್ನೇ ತೆಗೆದುಹಾಕಿ, ಮತ್ತೆ ಸೇರಿಸಿದ್ದು 1960ರಲ್ಲಿ. 1980ರ ತನಕ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಇದ್ದ ಅತಿ ಉದ್ದದ ಓಟ 1500 ಮೀಟರ್. ಮ್ಯಾರಥಾನ್ ಬಂದದ್ದು 1984ಕ್ಕೆ. ಹತ್ತು ಸಾವಿರ ಮೀಟರ್, ಅಂದರೆ ಈ ನಮ್ಮ ಹತ್ತು ಕಿಲೋಮೀಟರ್, ಬಂದದ್ದು 1988ಕ್ಕೆ. ನಮ್ಮವ್ವನ ಮದುವೆ ಆದದ್ದೂ ಅದೇ ವರ್ಷ. ಫೋನಿನಲ್ಲಿ ಹೇಳಿದರೆ ಅವ್ವ, "ನಮಗ ಆವಾಗ ಭಾವಿಯಿಂದ ನೀರು ತರೋದೇ ಹತ್ತು ಕಿಲೋಮೀಟರ್ ಆಗತಿತ್ತು, ಮೆಡಲ್ ಯಾರ ಕೊಟ್ರು?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಓಟದ ದಿನ ನಸುಕಿನಲ್ಲಿ ಪರೇಡ್ ಮೈದಾನದಲ್ಲಿ ನಿಂತಾಗ ನನಗೆ ಸ್ಪೀಕರು, ಜನ, ಸೆಲ್ಫಿ ಇವ್ಯಾವೂ ಅಷ್ಟು ದೊಡ್ಡದು ಅನಿಸಲಿಲ್ಲ. ಹಲಸೂರು ಕೆರೆ ಹತ್ತಿರ ಬರುವಾಗ ಒಂದು ಸಂಗತಿ ಗಮನಕ್ಕೆ ಬಂತು: ರಸ್ತೆ ಖಾಲಿ ಇದೆ. ಹಗ್ಗ ಕಟ್ಟಿದಾರೆ, ಪೊಲೀಸರು ನಿಂತಿದಾರೆ, ಬಸ್ಸು ಆಟೋ ಎಲ್ಲ ಆ ಕಡೆ ಕಾಯ್ತಾ ಇವೆ. ಒಂದು ಬೆಳಗ್ಗೆ ಮಟ್ಟಿಗೆ ಇಡೀ ಬೆಂಗಳೂರು ಗೋಡೆಗೆ ಅಂಟಿ ನಿಂತು ನನಗೆ ದಾರಿ ಬಿಟ್ಟಿದೆ. ಎಂಟನೇ ಕಿಲೋಮೀಟರಿಗೆ ಉಸಿರು ಕಿತ್ತು ಬರ್ತಿತ್ತು, ಕೂದಲು ಬಿಚ್ಚಿತ್ತು, ಮುಖ ಟೊಮೆಟೊ ಹಣ್ಣಿನಂಗೆ ಆಗಿತ್ತು. ಫುಟ್‌ಪಾತಿನಲ್ಲಿ ನಿಂತ ಅಪರಿಚಿತ ಅಜ್ಜಿಯೊಬ್ಬರು ನನ್ನ ಚೀಟಿ ನೋಡಿ ಹೆಸರು ಹಿಡಿದು ಕೂಗಿದರು. ದಿಟ್ಟಿಸಿ ನೋಡೋ ಕಣ್ಣುಗಳು ಅಷ್ಟಿದ್ದರೂ ಒಂದು ಸಲವೂ ದುಪಟ್ಟಾ ನೆನಪಾಗಲಿಲ್ಲ. ಇದನ್ನು ಗಂಡುಮಕ್ಕಳಿಗೆ ಹೇಗೆ ಬಿಡಿಸಿ ಹೇಳೋದು ಗೊತ್ತಿಲ್ಲ, ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಮರುದಿನ ಸೋಮವಾರ ಅದೇ ರಸ್ತೆಯಲ್ಲಿ ಕ್ಯಾಬಿನಲ್ಲಿ ಇಪ್ಪತ್ತು ನಿಮಿಷ ಸಿಗ್ನಲ್ಲಿಗೆ ನಿಂತಿದ್ದೆ.

ದೀಪಾವಳಿಗೆ ಊರಿಗೆ ಹೋದಾಗ ಶೂ ಬ್ಯಾಗಿನಲ್ಲೇ ಇತ್ತು. ಆ ಸಲದ ಹಬ್ಬದ ಸುದ್ದಿ ನೀವೂ ಓದಿರಬಹುದು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. ಅವರಲ್ಲಿ ಹೋರಿ ಹಿಡಿಯೋಕೆ ಹೋಗದೆ ತಮ್ಮ ಪಾಡಿಗೆ ತಾವಿದ್ದ ಹಿರಿಯರೂ ಇದ್ದರು. ಹಬ್ಬವೇ ಬೇಡ ಅನ್ನೋ ಗುಂಪಿನಲ್ಲಿ ನಾನಿಲ್ಲ. ಇಂಥ ಸ್ಪರ್ಧೆಗಳಿಗೆ ಅವಕಾಶ ಕೊಡೋ ಕಾನೂನುಗಳನ್ನು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ, ಆ ವಾದ ಅಲ್ಲಿಗೆ ಬಿಡೋಣ. ಆದರೆ ಬೆಂಗಳೂರಿನಲ್ಲಿ ನನ್ನಂಥ ಸಾಫ್ಟ್‌ವೇರ್ ಮಂದಿ ಏದುಸಿರು ಬಿಡೋದಕ್ಕೆ ಅಷ್ಟು ತಡೆಬೇಲಿ, ಅಷ್ಟು ಆಂಬುಲೆನ್ಸ್ ಇರಬೇಕಾದರೆ, ಕೋಡಿರೋ ಪ್ರಾಣಿ ಓಡೋ ಕಡೆ ಅದರ ಅರ್ಧವಾದರೂ ಬೇಡವೇ? ಹೋರಿಗೆ ದಾರಿ ಬಿಡೋದು ಅಂದರೆ ಅಖಾಡ ಮುಗಿದ ಮೇಲಿನ ದಾರಿಯನ್ನೂ ಕಾಯೋದು ಅಂತ ಅರ್ಥ. ಅಪ್ಪನಿಗೆ ಇದನ್ನು ಹೇಳಿದೆ. ಅವರು ತಲೆ ಹಾಕಿದರು, ಮಾತಾಡಲಿಲ್ಲ. ನಲವತ್ತು ವರ್ಷ ಹೋರಿ ಕಟ್ಟಿದ ಮನುಷ್ಯ.

ಪಾಡ್ಯದ ಮರುದಿನ ಬೆಳಗ್ಗೆ ಐದೂವರೆಗೆ ನಾನು ಹೊರಟರೆ ಅವ್ವ ಬಾಗಿಲಲ್ಲಿ. "ಎಲ್ಲಿಗೆ?" ಓಡೋಕೆ ಅಂದೆ. "ಹೋರಿಗೆ ದಾರಿ ಬಿಡ್ತಾರವ್ವಾ, ನಿನಗ ಬಿಡಾಂಗಿಲ್ಲ. ನೋಡ್ಕೋತ ನಿಲ್ತಾರ." ಬೇಡ ಅನ್ನಲಿಲ್ಲ, ಇಷ್ಟು ಹೇಳಿ ಒಳಗೆ ಹೋದಳು.

ಅವ್ವನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಹಾನಗಲ್ ರಸ್ತೆಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರ್ತಿದ್ದ ಒಬ್ಬರು ಬೈಕು ನಿಧಾನ ಮಾಡಿ ನನ್ನ ಪಕ್ಕಕ್ಕೇ ಬಂದರು. "ಯಾವ ಪೋಸ್ಟಿಗ್ರಿ?" ಅಂದರು. ಅರ್ಥ ಆಗಲಿಲ್ಲ. "ಪೊಲೀಸೋ, ಫಾರೆಸ್ಟೋ?" ಇಲ್ಲರೀ, ಸುಮ್ಮನೆ ಓಡ್ತಿದೀನಿ, ಬೆಂಗಳೂರಿನಲ್ಲಿ ಕೆಲಸ ಇದೆ ಅಂದೆ. "ನೌಕರಿ ಐತಿ? ಮತ್ಯಾಕ ಓಡ್ತೀರಿ!" ಅಂತ ನಿಜವಾದ ಕಾಳಜಿಯಿಂದಲೇ ಕೇಳಿ, ಗೇರು ಹಾಕಿಕೊಂಡು ಹೋದರು. ನಗು ಬಂತು. ಆದರೆ ಆ ಮನುಷ್ಯನೇ ನನಗೆ ದಾರಿ ತೋರಿಸಿದ್ದು. ನಮ್ಮ ಕಡೆ ಹುಡುಗಿಯರು ಓಡೋದು ಉಂಟು, ಅದಕ್ಕೆ ಒಂದು ಪೋಸ್ಟು ಬೇಕು ಅಷ್ಟೇ.

ಮರುದಿನ ಶುಕ್ರವಾರ ಹೈಸ್ಕೂಲು ಮೈದಾನಕ್ಕೆ ಹೋದೆ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಇದ್ದರು. ಹುಡುಗರು ಹದಿನೈದು ಇಪ್ಪತ್ತು, ಹುಡುಗಿಯರು ನಾಲ್ವರು, ಎಲ್ಲ ಕಾನ್‌ಸ್ಟೆಬಲ್ ದೇಹದಾರ್ಢ್ಯ ಪರೀಕ್ಷೆಗೆ ತಯಾರಿ. ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಇಬ್ಬರ ಕಾಲಲ್ಲಿ ಕ್ಯಾನ್ವಾಸ್ ಶೂ, ಒಬ್ಬಳದು ಬರಿಗಾಲು. ನನ್ನ ಶೂವಿನ ಬೆಲೆ ಕೇಳಿದರು, ಸ್ವಲ್ಪ ಕಡಿಮೆ ಮಾಡಿಯೇ ಹೇಳಿದೆ.

ನನ್ನ ವಾಚಿನಲ್ಲಿ ಟೈಮ್ ಹಿಡೀರಿ ಅಕ್ಕಾ ಅಂದರು. ಹಿಡಿದೆ. ಬರಿಗಾಲಿನ ಹುಡುಗಿ 1 ನಿಮಿಷ 52 ಸೆಕೆಂಡಿಗೆ ಬಂದಳು. ಇಬ್ಬರು ಎರಡು ನಿಮಿಷದ ಒಳಗೆ. ನಾಲ್ಕನೆಯವಳು 2 ನಿಮಿಷ 7 ಸೆಕೆಂಡು. ಮೊಣಕಾಲ ಮೇಲೆ ಕೈ ಊರಿ ನಿಂತು, ಉಸಿರು ಸಿಕ್ಕ ಮೇಲೆ ಕೇಳಿದಳು, "ನಾಳೆ ಬರ್ತೀರೇನ್ರಿ ಅಕ್ಕಾ? ಬಾಜೂಕ ಯಾರರೆ ಓಡಿದ್ರ ನನಗ ಜೋರ್ ಬರತೈತಿ."

ನನ್ನ ಬಸ್ಸು ಇದ್ದದ್ದು ಭಾನುವಾರ ರಾತ್ರಿ. ಇನ್ನೂ ಎರಡು ಬೆಳಗು ಇದ್ದವು.